ಹಸಿ ಅಟ್ಟದ ಕೆಳಗೊಂದು ಬೆಳಕಿನ ಗೆರೆ

ನಡುಹಗಲು. ಅರಳಗುಪ್ಪೆಯ ಒಂದು ಮನೆಯ ಅಂಗಳದಲ್ಲಿ ಗೌರಮ್ಮನವರು ತುಟಿ ಬಿಗಿಹಿಡಿದು ನಿಂತಿದ್ದಾರೆ. ಅದೇ ಹೊತ್ತಿಗೆ ಗೌರಮ್ಮನವರ ದನಿ ಹುಲ್ಲಿನ ಮೆದೆಯ ಹಿಂದಿನಿಂದ ಬರುತ್ತಿದೆ. ಅಂಗಳದ ಮಧ್ಯೆ ಕಾಯಿ ಸುಲಿಯುವ ರಂಗಣ್ಣ ಕಿವಿಗೆ ಫೋನು ಒತ್ತಿಕೊಂಡು, ಒಮ್ಮೆ ಅವರ ಬಾಯಿಯನ್ನೂ ಒಮ್ಮೆ ಮೆದೆಯನ್ನೂ ನೋಡುತ್ತಿದ್ದಾನೆ.

ಮೆದೆಯೆಂದರೆ ನಮ್ಮ ಕಡೆಯ ಬಣವಿ. ಅದರ ಹಿಂದೆ ಇದ್ದವನು ನಾನು. ಮುಂದೆ ಓದಿದರೆ ನಿಮಗೇ ತಿಳಿಯುವ ಸಂಗತಿಯನ್ನು ಮೊದಲೇ ಒಪ್ಪಿಕೊಂಡರೆ ಅರ್ಧ ಮರ್ಯಾದೆಯಾದರೂ ಉಳಿದೀತು ಎಂಬ ಆಸೆಯಿಂದ ಹೇಳುತ್ತಿದ್ದೇನೆ: ಈ ಕಥೆಯಲ್ಲಿ ದಡ್ಡ ನಾನೇ. ಬೇರೆ ಯಾರನ್ನಾದರೂ ಆ ಜಾಗದಲ್ಲಿ ಕೂರಿಸಬಹುದೇ ಎಂದು ಬಹಳ ಯೋಚಿಸಿದೆ. ಯಾರೂ ಸಿಗಲಿಲ್ಲ.

ನರಗುಂದದ ಕಡೆಯ ನನ್ನ ಮಂದಿಗೆ ನಾನು ಗೊತ್ತು. ಮದುವೆ ಆರ್ಕೆಸ್ಟ್ರಾದಲ್ಲಿ ಎರಡು ಹಾಡುಗಳ ನಡುವೆ ಬಂದು ಊರಗೌಡರ ಕೆಮ್ಮು, ಕಂಡಕ್ಟರನ ಸೀಟಿ, ನೆಗಡಿಯಾದ ಎಮ್ಮೆ ಎಲ್ಲವನ್ನೂ ಒಂದೇ ಬಾಯಲ್ಲಿ ಮಾಡುತ್ತಿದ್ದ ಮಹಾಂತೇಶ. ಮಿಕ್ಕ ಹೊತ್ತು ದೀಪ, ವೈರು ನನ್ನ ಪಾಲು. ಈಗ ಯಾರಾದರೂ ನನ್ನನ್ನು ಕೇಳಿದರೆ ಅವ್ವ, “ತಿಪಟೂರಾಗ ಕನ್ನಡಿ ಅಂಟಸ್ತಾನ” ಎನ್ನುತ್ತಾಳಂತೆ. ಕೇಳಿದವರು ನಾನು ಕ್ಷೌರದಂಗಡಿ ಇಟ್ಟಿದ್ದೇನೆ ಅಂದುಕೊಂಡು ಸುಮ್ಮನಾಗುತ್ತಾರೆ. ಹಾಗಾಗಿ ಇದನ್ನು ಬರೆಯುವುದು ಅನಿವಾರ್ಯವಾಯಿತು.

ನಮ್ಮ ತಂಡದಲ್ಲಿ ಒಂದು ಲೇಸರ್ ಪೆಟ್ಟಿಗೆ ಇತ್ತು. ಮಂಟಪದ ಗೋಡೆಯ ಮೇಲೆ ಹಸಿರು ಬೆಳಕಿನಲ್ಲಿ ವಧೂವರರ ಹೆಸರು ಬರೆಯುವಂಥದ್ದು. ಒಂದು ಮದುವೆಯಲ್ಲಿ ಅದು ವರನ ಹೆಸರನ್ನು ಅರ್ಧ ಬರೆದು ನಿಂತುಬಿಟ್ಟಿತು. ವಧುವಿನ ಕಡೆಯವರು ನಕ್ಕರು, ವರನ ಕಡೆಯವರು ನಮ್ಮನ್ನು ಹುಡುಕಿದರು. ತಿಪಟೂರಿನಲ್ಲಿ ಇದನ್ನು ರಿಪೇರಿ ಮಾಡುವವರಿದ್ದಾರೆ ಎಂದು ಯಾರೋ ಹೇಳಿದ್ದಕ್ಕೆ, ಪೆಟ್ಟಿಗೆಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆ.

ವಿಳಾಸ ಹಿಡಿದು ಹೋದರೆ ರೈಲುಹಳಿಯ ಪಕ್ಕದ ಹಳೆಯ ಕೊಬ್ಬರಿ ಗೋದಾಮು. ಕೊಬ್ಬರಿ ಖಾಲಿಯಾಗಿದ್ದರೂ ವಾಸನೆ ಮಾತ್ರ ಬಾಡಿಗೆ ಕೊಡದೆ ಗೋಡೆಯಲ್ಲೇ ಕೂತಿತ್ತು. ಅಲ್ಲಿದ್ದವರು ಸುಮಾ ಮೇಡಂ. ಕೊಬ್ಬರಿ ವ್ಯಾಪಾರಿಯ ಮಗಳು. ಬೆಳಕಿನ ಬಗ್ಗೆಯೇ ಓದಿ ಬಂದು ಅಪ್ಪನ ಗೋದಾಮಿನಲ್ಲಿ ಇಂಥ ಪೆಟ್ಟಿಗೆ ಕಟ್ಟುವ ಕೆಲಸ ಶುರುಮಾಡಿದವರು. ಏನಾಗಿದೆ ಎಂದು ಕೇಳಿದರು. ನನಗೆ ಹೇಳಲು ಬರಲಿಲ್ಲ, ಮಾಡಿ ತೋರಿಸಿದೆ. ಚೆನ್ನಾಗಿದ್ದಾಗ ಪೆಟ್ಟಿಗೆ ಹೇಗೆ ಸಣ್ಣಗೆ ಗುನುಗುತ್ತಿತ್ತು, ಕೆಡುವ ಮುನ್ನ ಹೇಗೆ ಹಲ್ಲು ಕಡಿಯಿತು, ಕಡೆಗೆ ಹೇಗೆ ಟಿಕ್ಕೆಂದು ಪ್ರಾಣ ಬಿಟ್ಟಿತು. ಅವರು ಪೆಟ್ಟಿಗೆ ಬಿಚ್ಚುವ ಮೊದಲೇ, ಅಡ್ಡ ಓಡುವ ಕನ್ನಡಿ ಸಡಿಲವಾಗಿದೆ ಎಂದರು. ಬಿಚ್ಚಿದರೆ ಅದೇ. ಸಂಜೆಯೊಳಗೆ ಇಲ್ಲೇ ಕೆಲಸಕ್ಕೆ ಇರುತ್ತೀಯಾ ಎಂದು ಕೇಳಿದರು. ನನ್ನ ಮಿಮಿಕ್ರಿಗೆ ಚಪ್ಪಾಳೆಯ ಬದಲು ನೌಕರಿ ಸಿಕ್ಕಿದ್ದು ಅದೇ ಮೊದಲು.

ಈ ಕೆಲಸ ಎಂಥದೆಂದು ಹೇಳಿಬಿಡುತ್ತೇನೆ. ಮನೆಯ ಟೀವಿಯಲ್ಲಿ ಪರದೆಯ ತುಂಬ ಚುಕ್ಕಿಗಳಿರುತ್ತವೆ. ಪ್ರತಿಯೊಂದೂ ತನ್ನ ಜಾಗ ಬಿಟ್ಟು ಕದಲದೆ ಬೆಳಗುತ್ತದೆ, ಕುರ್ಚಿ ಬಿಡದ ಗುಮಾಸ್ತನ ಹಾಗೆ. ನಮ್ಮ ಪೆಟ್ಟಿಗೆಯಲ್ಲಿ ಇರುವುದು ಒಂದೇ ಚುಕ್ಕಿ. ಕೆಂಪು, ಹಸಿರು, ನೀಲಿ ಮೂರು ಲೇಸರ್ ಕಿರಣಗಳನ್ನು ಒಂದರ ಮೇಲೊಂದು ಕೂರಿಸಿ, ಒಂದೇ ಕಿರಣ ಮಾಡಿ, ಸಾಸಿವೆ ಕಾಳಿನಷ್ಟು ಕನ್ನಡಿಯ ಮೇಲೆ ಬಿಡುತ್ತೇವೆ. ಆ ಕನ್ನಡಿ ಎಡಬಲಕ್ಕೆ ಅತಿವೇಗವಾಗಿ, ಮೇಲಿಂದ ಕೆಳಕ್ಕೆ ನಿಧಾನವಾಗಿ ತೂಗುತ್ತದೆ. ನಮ್ಮ ಎರೆಹೊಲದಲ್ಲಿ ಕೂರಿಗೆ ಹಿಡಿದವನು ಈ ಬದುವಿನಿಂದ ಆ ಬದುವಿಗೆ ಹೋಗಿ, ತಿರುಗಿ, ಪಕ್ಕದ ಸಾಲು ಹಿಡಿದು ಬರುತ್ತಾನಲ್ಲ, ಹಾಗೆ. ಸಾಲಿನಲ್ಲಿ ಬೆಳಕು ಬೇಕಾದಲ್ಲಿ ಲೇಸರ್ ಹತ್ತುತ್ತದೆ, ಬೇಡವಾದಲ್ಲಿ ಆರುತ್ತದೆ. ನೀವು ಒಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ ಇಡೀ ಹೊಲವನ್ನು ಎಷ್ಟೋ ಸಲ ಬಿತ್ತಿ ಮುಗಿಸಿರುತ್ತದೆ. ಹಾಗಾಗಿ ಓಟ ಕಾಣುವುದಿಲ್ಲ, ಚಿತ್ರ ಕಾಣುತ್ತದೆ. ದೀಪಾವಳಿಗೆ ಸುರುಸುರುಬತ್ತಿ ತಿರುಗಿಸಿ ಬೆಂಕಿಯ ಬಳೆ ಮಾಡಿದವರಿಗೆಲ್ಲ ಈ ವಿದ್ಯೆ ಅರ್ಧ ಗೊತ್ತು.

ಇದು ನನ್ನದೇ ಕಸುಬಲ್ಲವೇ ಅನಿಸಿತು. ಒಬ್ಬನೇ ಮನುಷ್ಯ, ಬೇಗಬೇಗ ತಿರುಗಿದರೆ ಮನೆತುಂಬ ಮಂದಿ.

ಒಂದು ನಿಯಮವನ್ನು ಸುಮಾ ಮೇಡಂ ಮೊದಲ ದಿನವೇ ಕಲಿಸಿದರು. ಯಾವ ಕಾರಣಕ್ಕಾದರೂ ಕನ್ನಡಿ ನಿಂತರೆ ಬೆಳಕು ತಾನಾಗಿ ಆರಬೇಕು. ಓಡುತ್ತಿದ್ದಾಗ ಚಿತ್ರವಾಗುವ ಬೆಳಕು ಒಂದೇ ಕಡೆ ನಿಂತರೆ ಕಣ್ಣನ್ನು ಸುಡುತ್ತದೆ. ನನ್ನ ಕೆಲಸ ಮೂರು ಕಿರಣಗಳನ್ನು ಕೂರಿಸಿ ಅಂಟು ಹಾಕುವುದು. ಅಂಟು ಗಟ್ಟಿಯಾಗುವ ತನಕ ಏನೂ ಕೂದಲೆಳೆಯಷ್ಟೂ ಅಲುಗಬಾರದು. ಅಲುಗಿತೋ, ಮೂರು ಬಣ್ಣ ಮೂರು ದಾರಿ ಹಿಡಿಯುತ್ತವೆ. ಬಿಳಿಯ ಅಕ್ಷರದ ಒಂದು ಅಂಚಿಗೆ ಕೆಂಪು ನೆರಳು, ಇನ್ನೊಂದಕ್ಕೆ ನೀಲಿ ನೆರಳು. ಬಸ್ಸು ಕಟ್ಟುವ ಒಂದು ಕಾರ್ಖಾನೆಯವರು ಮೇಡಂಗೆ ಮೊದಲ ದೊಡ್ಡ ಕೆಲಸ ಕೊಟ್ಟಿದ್ದರು. ಚಾಲಕನ ಎದುರಿನ ಗಾಜಿನ ಮೇಲೇ ವೇಗದ ಅಂಕಿ, ತಿರುವಿನ ಬಾಣ ಮೂಡಿಸುವ ಪೆಟ್ಟಿಗೆಗಳು. ಅವನು ತಲೆ ಬಗ್ಗಿಸಿ ನೋಡುವ ಹಾಗಿಲ್ಲ. ಬಾಣಕ್ಕೆ ಎರಡು ನೆರಳಿದ್ದರೆ ಬಸ್ಸು ಎತ್ತ ತಿರುಗಬೇಕು?

ಗೋದಾಮಿನಲ್ಲಿ, ಪರೀಕ್ಷೆಗೆಂದು ಗೋಡೆಯ ಮೇಲೆ ಬಿಡುವ ನಮ್ಮ ಬೆಳಕಿನ ಗೆರೆ ನಡುಗುತ್ತಿತ್ತು. ರೈಲು ಹೋದಾಗಲೆಲ್ಲ ಗೋಡೆಯ ಮೇಲಿನ ಬೆಳಕು ಜ್ವರ ಬಂದಂತೆ ಅದುರುತ್ತಿತ್ತು. ಎಲ್ಲರೂ ರೈಲಿಗೆ ಶಾಪ ಹಾಕುತ್ತಿದ್ದರು, ನಾನೂ ಜೊತೆಗೆ ಒಂದೆರಡು ಸೇರಿಸುತ್ತಿದ್ದೆ. ಆದರೆ ಅದರಲ್ಲಿ ಹುಬ್ಬಳ್ಳಿಗೆ ಹೋಗುವ ಗಾಡಿಯ ಸದ್ದು ನನಗೆ ಗುರುತಾಗುತ್ತಿತ್ತು. ಅದು ಬಂದಾಗ ಕೈಕಟ್ಟಿ ಗೋಡೆ ನೋಡುತ್ತ ನಿಲ್ಲುತ್ತಿದ್ದೆ. ನಮ್ಮೂರ ಕಡೆಯ ರೈಲು ನನ್ನ ಬೆಳಕನ್ನು ಹಿಡಿದು ಅಲ್ಲಾಡಿಸಿ, ಇದ್ದೀಯೇನೋ ಎಂದು ಕೇಳಿ ಹೋದ ಹಾಗಿರುತ್ತಿತ್ತು. ಇದನ್ನು ಅಲ್ಲಿ ಯಾರಿಗೂ ಹೇಳಿಲ್ಲ.

ಕಡೆಗೆ ಮೇಡಂ ಅಂಟು ಹಾಕುವ ಮೇಜನ್ನು ನನ್ನ ಸಮೇತ ಅರಳಗುಪ್ಪೆಯ ತಮ್ಮ ದೊಡ್ಡಮ್ಮ ಗೌರಮ್ಮನವರ ಮನೆಗೆ ಸಾಗಿಸಿದರು. ದಪ್ಪ ಗೋಡೆ, ಕಲ್ಲು ಹಾಸಿದ ನೆಲ, ರೈಲುಹಳಿ ದೂರ, ಲಾರಿಯಿಲ್ಲ. ಹೀಗೆ ನನಗೆ ಮನೆಯೂ ಸಿಕ್ಕಿತು. ಅದಕ್ಕೆ ಮೊದಲು ತಿಪಟೂರಿನಲ್ಲಿ ಬಾಡಿಗೆ ಕೋಣೆ ಹುಡುಕುವಾಗ ಮಾಲೀಕರೊಬ್ಬರು ನನ್ನ ಮಾತು ಕೇಳಿ, ನಿಮ್ಮ ಕಡೆಯವರು ಬಹಳ ಜೋರಂತೆ ಅಂದಿದ್ದರು. ಇಲ್ಲ ಸಾರ್, ನಾವು ಮೆತ್ತಗಿನವರು ಎಂದು ನಾನು ಹೇಳಿದ್ದು ಮೂರು ಮನೆ ಆಚೆಗೆ ಕೇಳಿಸಿತು. ಕೋಣೆ ಸಿಗಲಿಲ್ಲ.

ಈ ಸೀಮೆಯನ್ನು ಹೇಗೆ ವರ್ಣಿಸಲಿ? ನಮ್ಮ ಹೊಲದಲ್ಲಿ ನಿಂತರೆ ನಾಳೆ ಬರುವ ನೆಂಟರು ಇವತ್ತೇ ಕಾಣುತ್ತಾರೆ. ಇಲ್ಲಿ ಎತ್ತ ನೋಡಿದರೂ ತೆಂಗಿನ ತೋಟ. ನೆಂಟರು ಮರದ ಹಿಂದಿನಿಂದ ನೇರ ಊಟದೆಲೆಗೇ ಬಂದುಬಿಡುತ್ತಾರೆ. ನಮಗೆ ಆಕಾಶ ಇಡಿಯಾಗಿ ಸಿಗುತ್ತದೆ, ಇವರಿಗೆ ಗರಿಗಳ ನಡುವೆ ಸಿಗಿದು ಕೊಟ್ಟಿದ್ದಾರೆ. ಮೊದಮೊದಲು ಕಣ್ಣಿಗೆ ಓಡಲು ಜಾಗವೇ ಇಲ್ಲದೆ ಉಸಿರು ಕಟ್ಟಿದ ಹಾಗಾಗುತ್ತಿತ್ತು. ನಮ್ಮ ಮನೆಯಲ್ಲಿ ದೇವರ ಮುಂದೆ ಒಂದು ಟೆಂಗು ಒಡೆದರೆ ಒಂದೊಂದು ಚೂರಿಗೆ ಹತ್ತು ಕೈ ಚಾಚುತ್ತವೆ. ಇಲ್ಲಿ ಅದಕ್ಕೆ ಬರೀ ‘ಕಾಯಿ’ ಎಂದು ಹೆಸರು, ಜಗತ್ತಿನಲ್ಲಿ ಬೇರೆ ಕಾಯಿಯೇ ಇಲ್ಲವೇನೋ ಎಂಬಂತೆ. ನಮ್ಮ ಪರಟಿ ಇವರಿಗೆ ಚಿಪ್ಪು. ಮುದ್ದೆಯನ್ನು ನಾನು ಅಗಿದು ತಿಂದ ದಿನ ಪಕ್ಕದ ಮನೆಯವರೂ ಬಂದು ನೋಡಿದರು. ಸೇಡು ತೀರಿಸಿಕೊಳ್ಳಲು ಅವ್ವ ಕಳಿಸಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟೆ. ಗೌರಮ್ಮನವರು ರೊಟ್ಟಿಯನ್ನು ಕಾಫಿಗೆ ಅದ್ದಿ ತಿಂದು, ಬಿಸ್ಕತ್ತು ಚೆನ್ನಾಗಿದೆ ಅಂದರು.

ಗೌರಮ್ಮನವರ ಬಗ್ಗೆ ಹೇಳಲೇಬೇಕು. ಯಜಮಾನರು ತೀರಿಕೊಂಡ ಮೇಲೆ ತೋಟ, ಹಸು, ಮನೆ ಮೂರನ್ನೂ ಒಂದೇ ಗಂಟಲಿನಲ್ಲಿ ನಡೆಸುವವರು. ಅವರ ಮಾತು ಯಾವಾಗಲೂ ಬೈಗುಳದಿಂದ ಶುರುವಾಗಿ ಊಟಕ್ಕೆ ಕರೆಯುವುದರಲ್ಲಿ ಮುಗಿಯುತ್ತದೆ. “ಅಲ್ಲಾ ಕಣ್ಲಾ” ಎಂದು ಕೂಗಿದರೆ ತೋಟದ ಆ ತುದಿಯ ಆಳೂ ತನಗೇ ಎಂದುಕೊಂಡು ಓಡಿ ಬರುತ್ತಾನೆ. ಇಲ್ಲಿ ‘ಬಿಡು’ ಎನ್ನುವುದು ‘ಬುಡು’ ಆಗುತ್ತದೆ. ಅವರ ಬಾಯಲ್ಲಿ ಅದು ಕ್ಷಮೆಯೂ ಹೌದು, ತಿರಸ್ಕಾರವೂ ಹೌದು, ಎರಡರ ವ್ಯತ್ಯಾಸ ಮೂಗಿನಲ್ಲಿದೆ. ಆ ಮೂಗನ್ನು ಹಿಡಿಯಲು ನನಗೆ ಒಂದು ತಿಂಗಳು ಬೇಕಾಯಿತು. ಹಿಡಿದ ದಿನ ಅವರೆದುರಿಗೇ ಅವರಂತೆ ಮಾತಾಡಿ ತೋರಿಸಿದೆ. ಹಸು ತಿರುಗಿ ನೋಡಿತು. ಗೌರಮ್ಮನವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು, ಈ ದನಿಯಲ್ಲಿ ಬೈಸಿಕೊಂಡು ಜನ ಇಷ್ಟು ವರ್ಷ ನನ್ನ ಜೊತೆ ಇದ್ದಾರೆ, ಪುಣ್ಯಾತ್ಮರು ಎಂದರು.

ಒಂದು ಮಧ್ಯಾಹ್ನ ನನ್ನ ಹಳೆಯ ಆರ್ಕೆಸ್ಟ್ರಾ ಪೆಟ್ಟಿಗೆಯನ್ನು ಅವರಿಗೆ ಹಚ್ಚಿ ತೋರಿಸಿದೆ. ಅದರಲ್ಲಿ ಉಗುರಿನಷ್ಟಗಲದ ಎರಡು ಕನ್ನಡಿಗಳಿವೆ. ಬೇಕಾದರೆ ಓಟ ನಿಧಾನ ಮಾಡಬಹುದು. ಗೋಡೆಯ ಮೇಲೆ ಹೂವಿನ ಚಿತ್ರ ಮೂಡಿತು. ಬೆಳಕಿನ ಬಲ ಕುಗ್ಗಿಸಿ, ವೇಗವನ್ನು ಇಳಿಸುತ್ತ ಹೋದೆ. ಹೂವು ಅದುರಿತು, ಬಾಲವುಳ್ಳ ಹುಳುವಾಯಿತು, ಕಡೆಗೆ ಒಂದೇ ಹಸಿರು ಚುಕ್ಕಿ ಗೋಡೆಯ ಮೇಲೆ ಎಸಳಿಂದ ಎಸಳಿಗೆ ತೆವಳತೊಡಗಿತು. ನಾನು ಚಪ್ಪಾಳೆಗೆ ಕಾದೆ. ಅವರು ಬಹಳ ಹೊತ್ತು ಅದನ್ನೇ ನೋಡಿ, “ಪಾಪ, ಒಂದೇ ಒಂದು. ಎಷ್ಟು ಓಡಾಡ್ತೈತೆ” ಅಂದರು. ಆಮೇಲೆ ನನ್ನ ಕಡೆ ತಿರುಗಿ ಊಟ ಆಯಿತಾ ಎಂದು ಕೇಳಿದರು. ಆಗಿತ್ತು. ಮತ್ತೆ ಬಡಿಸಿದರು.

ನನ್ನ ಮೇಜಿದ್ದ ಕೋಣೆಯ ಮೇಲೆ ಅಟ್ಟ. ಈ ಅಟ್ಟವೇ ಈ ಸೀಮೆಯ ಗುಟ್ಟು. ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಟ್ಟುಬಿಡುತ್ತಾರೆ. ಬಿಸಿಲಿಗೆ ಒಡ್ಡುವುದಿಲ್ಲ, ಕೊಯ್ಯುವುದಿಲ್ಲ, ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ತಾನಾಗಿ ಒಣಗಿ ಚಿಪ್ಪು ಬಿಡಬೇಕು. ಆಗ ಆಡಿಸಿದರೆ ಒಳಗೆ ಗಡಕ್ ಗಡಕ್ ಎನ್ನುತ್ತದೆ. ಒಡೆದರೆ ಇಡೀ ಉಂಡೆ ಕೊಬ್ಬರಿ ಚೆಂಡಿನಂತೆ ಆಚೆ ಬರುತ್ತದೆ. ಅವಸರಪಟ್ಟರೆ ತಿರುಳು ಚಿಪ್ಪಿಗೆ ಕಚ್ಚಿಕೊಂಡಿರುತ್ತದೆ, ಸಿಗುವುದು ಚೂರು. ಬೇಳೆ ಬೇಯುವ ತನಕ ಕಾಯಲಾರದ ನನಗೆ ಇದು ಕೇಳಿಯೇ ಸುಸ್ತಾಯಿತು.

ಅರಳಗುಪ್ಪೆಯಲ್ಲೂ ಗೆರೆ ನಡುಗಿತು. ರೈಲಿನ ಸದ್ದಿಲ್ಲ, ಲಾರಿಯಿಲ್ಲ, ಆದರೂ ನಾನು ಮೇಜಿನ ಮುಂದೆ ಕೂತಾಗಲೆಲ್ಲ ಬೆಳಕು ಅದುರುತ್ತಿತ್ತು. ತಲೆಯ ಮೇಲಿನ ಕಾಯಿಗಳದೇ ಕಿತಾಪತಿ ಎಂದುಕೊಂಡು, ಬಣವಿಯ ಹಿಂದೆ ಅಡಗಿ, ಗೌರಮ್ಮನವರ ದನಿಯಲ್ಲಿ ರಂಗಣ್ಣನಿಗೆ ಫೋನು ಮಾಡಿ, ಅಟ್ಟದ ಹಸಿಕಾಯಿಯನ್ನೆಲ್ಲ ಇವತ್ತೇ ಇಳಿಸು ಎಂದೆ; ಇಣುಕಿ ನೋಡಿದರೆ ಗೌರಮ್ಮನವರೇ ಅಂಗಳದಲ್ಲಿ ನಿಂತಿದ್ದರು.